ಸರಮೆಗೆ ಉತ್ತರ ಕೊಡುವವರು ಯಾರು?

ಮಹಾಭಾರತದ ಆದಿಪರ್ವದ ಆರಂಭಭಾಗದಲ್ಲೇ ಒಂದು ನಾಯಿಮರಿ ಪೆಟ್ಟು ತಿನ್ನುತ್ತದೆ. ಕುರುಕ್ಷೇತ್ರದಲ್ಲಿ ಜನಮೇಜಯನ ದೀರ್ಘಸತ್ರ ನಡೆಯುತ್ತಿದ್ದಾಗ ಅಲ್ಲಿಗೆ ಬಂದ ಮರಿಯನ್ನು ಅವನ ತಮ್ಮಂದಿರು ಹೊಡೆದು ಓಡಿಸುತ್ತಾರೆ. ತಾಯಿ ಸರಮೆ ಯಜ್ಞಶಾಲೆಗೇ ಬಂದು ಕೇಳುತ್ತಾಳೆ: ನನ್ನ ಮಗ ಹವಿಸ್ಸನ್ನು ನೋಡಲಿಲ್ಲ, ನೆಕ್ಕಲಿಲ್ಲ, ಮತ್ತೇಕೆ ಹೊಡೆದಿರಿ? ಅವರು ಏನೂ ಹೇಳುವುದಿಲ್ಲ. ಆಮೇಲೆ ಅವಳು ಶಾಪ ಕೊಡುತ್ತಾಳೆ. ಪೆಟ್ಟು ಬಿದ್ದ ಕ್ಷಣದಲ್ಲಿ ಹುಟ್ಟದ ಶಾಪ ಉತ್ತರ ಸಿಗದಾಗ ಹುಟ್ಟುತ್ತದೆ. ಈ ಕ್ರಮವನ್ನು ನಾನು ಹಿಂದೆ ಎಷ್ಟೋ ಸಲ ಓದಿದ್ದರೂ ಅದರ ಅರ್ಥವಾದದ್ದು ಕಳೆದ ಶ್ರಾವಣದಲ್ಲಿ, ಕಾಂದಿವಲಿಯ ನಮ್ಮ ಕಟ್ಟಡದ ಅಂಗಳದಲ್ಲಿ.

ನಮ್ಮ ಬೊಗ್ಗ ಬೀದಿಯಲ್ಲಿ ಹುಟ್ಟಿದವನು. ಒಂಬತ್ತು ವರ್ಷಗಳ ಹಿಂದೆ ಮಳೆಗಾಲದ ಒಂದು ರಾತ್ರಿ ಕಟ್ಟಡದ ಮೀಟರ್ ಕೋಣೆಯಲ್ಲಿ ನಡುಗುತ್ತಿದ್ದ ಮರಿಯನ್ನು ಅಮ್ಮ ಸೆರಗಿನಲ್ಲಿ ಸುತ್ತಿ ತಂದಿದ್ದಳು. ಕಾರ್ಕಳದ ಮನೆಯಲ್ಲಿ ಹಿಂದೆ ಇದ್ದ ನಾಯಿಯ ಹೆಸರನ್ನೇ ಇದಕ್ಕೂ ಇಟ್ಟಳು. ಅಪ್ಪ ಹೋದ ಮೇಲೆ ಎಪ್ಪತ್ತನಾಲ್ಕರ ಅಮ್ಮ ದಿನಕ್ಕೆ ಎರಡು ಸಲ ಮನೆಯಿಂದ ಹೊರಗೆ ಹೆಜ್ಜೆಯಿಡುತ್ತಿದ್ದುದು ಅವನಿಂದಾಗಿ. ಆ ಸಂಜೆ ಪಕ್ಕದ ವಿಂಗಿನ ಮನೆಯೊಂದರ ಎರಡು ದೊಡ್ಡ ನಾಯಿಗಳು ಲಿಫ್ಟಿನಿಂದ ಹೊರಬಂದವು. ಎರಡರ ಹಗ್ಗವೂ ಆ ಮನೆಯಲ್ಲಿ ಕೆಲಸಕ್ಕಿದ್ದ, ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗನೊಬ್ಬನ ಕೈಯಲ್ಲಿತ್ತು. ಹಗ್ಗ ಜಾರಿತು. ಮುಂದಿನದು ಒಂದು ನಿಮಿಷದ ಒಳಗೆ ಮುಗಿಯಿತು. ಬಿಡಿಸಲು ಹೋದ ಅಮ್ಮನ ಮೊಣಕೈ ಗೀರಿ ರಕ್ತ ಬಂತು. ಬೊಗ್ಗನ ಮೈಮೇಲೆ ಕಂಡದ್ದು ನಾಲ್ಕು ಸಣ್ಣ ತೂತುಗಳು ಮಾತ್ರ.

ಆ ತೂತುಗಳು ಮೋಸ ಮಾಡುತ್ತವೆ ಎಂಬುದನ್ನು ಸಾಕುಪ್ರಾಣಿಯಿರುವ ಪ್ರತಿಯೊಬ್ಬರೂ ತಿಳಿದಿರಬೇಕು. ದೊಡ್ಡ ನಾಯಿ ಸಣ್ಣದನ್ನು ಕಚ್ಚಿ ಕೊಡವಿದಾಗ ಚರ್ಮದ ಮೇಲೆ ಹಲ್ಲಿನ ಗುರುತಷ್ಟೇ ಉಳಿಯುತ್ತದೆ. ಒಳಗೆ ಸ್ನಾಯು ಹರಿದಿರುತ್ತದೆ, ಪಕ್ಕೆಲುಬು ಮುರಿದಿರುತ್ತದೆ, ರಕ್ತ ಒಳಗೊಳಗೇ ಸೋರುತ್ತಿರುತ್ತದೆ. ಹೊರಗಿನ ಗಾಯ ನೋಡಿ ಸಮಾಧಾನಪಟ್ಟು ಬೆಳಗಿನವರೆಗೆ ಕಾಯಬಾರದು. ನಾವು ಕಾಯಲಿಲ್ಲ, ರಾತ್ರಿಯೇ ಹೊರಟೆವು. ಆದರೂ ಮೂರನೆಯ ದಿನ ಬೊಗ್ಗ ಉಳಿಯಲಿಲ್ಲ. ಮಲಾಡಿನಲ್ಲಿ ಮಹಾನಗರಪಾಲಿಕೆ 2023ರಲ್ಲಿ ತೆರೆದ ಸಣ್ಣ ಪ್ರಾಣಿಗಳ ಅನಿಲ ಚಿತಾಗಾರಕ್ಕೆ ಅವನನ್ನು ಒಯ್ದೆವು. ಅಮ್ಮನ ಗೀರನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ರೇಬೀಸ್ ಲಸಿಕೆಯ ಸರಣಿಯನ್ನು ಆರಂಭಿಸಿದ್ದಾಗಿತ್ತು. ಆ ಎರಡು ನಾಯಿಗಳ ಲಸಿಕೆಯ ಪ್ರಮಾಣಪತ್ರವನ್ನು ಒಮ್ಮೆ ತೋರಿಸಿ ಎಂದು ಕೇಳಿಕಳಿಸಿದೆವು. ವಾಚ್‌ಮನ್ ತಂದ ಉತ್ತರ ಇದು: ‘ನಮ್ಮ ನಾಯಿಗಳು ನಿಮ್ಮ ಬೀದಿನಾಯಿಯ ಹಾಗಲ್ಲ.’

ಇಷ್ಟು ಹೇಳಿದ್ದು ಅನುಕಂಪಕ್ಕಾಗಿ ಅಲ್ಲ. ಆ ಬಳಿಕ ಕೇಳಿಬಂದ ಮಾತುಗಳ ವಿರುದ್ಧ ನನಗೆ ವಾದಿಸಬೇಕಾಗಿದೆ. ಅವುಗಳಲ್ಲಿ ಕೆಲವು ನಮ್ಮ ಈ ಬಳಗದಲ್ಲಿಯೇ ಆಡಿದವು.

ಮೊದಲ ಮಾತು ‘ನಾಯಿ ನಾಯಿಗಳ ಜಗಳ, ಅದರಲ್ಲಿ ಮನುಷ್ಯರದೇನು?’ ಎಂಬುದು. ಕೇಳಲು ಇದು ವೇದಾಂತದಂತಿದ್ದರೂ ಜಾರಿಕೊಳ್ಳುವ ಉಪಾಯವಷ್ಟೇ. ಕಾಡಿನಲ್ಲಿ ನಡೆದಿದ್ದರೆ ಅದು ನಾಯಿಗಳ ಜಗಳ. ಇಲ್ಲಿ ಎರಡು ನಾಯಿಗಳನ್ನು ಹಣ ಕೊಟ್ಟು ತಂದವರು ಮನುಷ್ಯರು. ಅವುಗಳಿಗೆ ಓಡಾಟದ ಬಯಲಿಲ್ಲದ ಮೂರು ಕೋಣೆಗಳ ಮನೆಯಲ್ಲಿ ಬೆಳೆಸಿದವರು ಮನುಷ್ಯರು. ತಮ್ಮ ತೋಳಿಗೇ ಮಣಿಯದ ಪ್ರಾಣಿಗಳನ್ನು ತಿಂಗಳ ಸಂಬಳದ ಹುಡುಗನ ಕೈಗೆ ಕೊಟ್ಟು ಟೀವಿಯ ಮುಂದೆ ಕುಳಿತವರೂ ಮನುಷ್ಯರೇ. ನಾಯಿಗಳ ಮೇಲೆ ನನಗೆ ಸಿಟ್ಟಿಲ್ಲ. ಈ ಪ್ರಕರಣದಲ್ಲಿ ಶಿಕ್ಷೆ ಅನುಭವಿಸಿದವನು ಆ ಹುಡುಗನೊಬ್ಬನೇ ಎಂಬುದನ್ನೂ ಹೇಳಬೇಕು: ಮರುದಿನವೇ ಅವನನ್ನು ಕೆಲಸದಿಂದ ಬಿಡಿಸಿದರು. ಹಗ್ಗ ಜಾರಿದ್ದಕ್ಕೆ ಅವನು ಹೊಣೆ. ಎರಡು ಹಗ್ಗವನ್ನೂ ಅವನ ಕೈಗೆ ಕೊಟ್ಟದ್ದಕ್ಕೆ ಯಾರೂ ಹೊಣೆಯಲ್ಲ!

ಎರಡನೆಯ ಮಾತು ‘ಕಾನೂನು ಇದೆಯಲ್ಲ, ಹೋಗಿ’ ಎಂಬುದು. ಹೋದೆ. ಠಾಣೆಯ ಅಧಿಕಾರಿ ಸೌಜನ್ಯದಿಂದಲೇ ಕೇಳಿದರು: ‘ಮಾಣಸಾಲಾ ಕಾಹೀ ಝಾಲಂಯ ಕಾ?’ ಮನುಷ್ಯರಿಗೆ ಏನಾದರೂ ಆಗಿದೆಯೇ? ಆ ಹೊತ್ತಿನಲ್ಲಿ ಅದು ಕ್ರೂರ ಪ್ರಶ್ನೆ ಎನಿಸಿತ್ತು. ಮನೆಗೆ ಬಂದು ಕಾಯ್ದೆಯ ಪುಸ್ತಕ ತೆರೆದಾಗ ಅದು ಕಾಯ್ದೆಯದೇ ಪ್ರಶ್ನೆ ಎಂದು ತಿಳಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಂ ಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರುವವರಿಗೆ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಹಳೆಯ ದಂಡಸಂಹಿತೆಯ 289ನೆಯ ಕಲಮಿನಲ್ಲಿ ದಂಡದ ಮಿತಿ 1,000 ರೂಪಾಯಿ ಇತ್ತು. ಆದರೆ ಎರಡೂ ಗಮನಿಸುವುದು ಮನುಷ್ಯಜೀವಕ್ಕೆ, ಮನುಷ್ಯನ ಮೈಗೆ ಒದಗಬಹುದಾದ ಅಪಾಯವನ್ನು. ಪ್ರಾಣಿಯನ್ನು ಕೊಂದರೆ, ಊನಗೊಳಿಸಿದರೆ ಐದು ವರ್ಷಗಳವರೆಗೆ ಶಿಕ್ಷೆ ಕೊಡುವ 325ನೆಯ ಕಲಂ ಇದೆ. ಅದಕ್ಕೆ ಹಾನಿ ಮಾಡುವ ಉದ್ದೇಶ ಅಥವಾ ಅರಿವು ಸಾಬೀತಾಗಬೇಕು, ಬರಿಯ ಅಲಕ್ಷ್ಯ ಸಾಲದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ಅದೂ ಮನುಷ್ಯ ತಾನಾಗಿ ಎಸಗಿದ ಹಿಂಸೆಗೆ. ಸಿವಿಲ್ ನ್ಯಾಯಾಲಯಕ್ಕೆ ಹೋದರೆ ಪ್ರಾಣಿ ಎಂದರೆ ಸ್ವತ್ತು. ಮೀಟರ್ ಕೋಣೆಯಲ್ಲಿ ಸಿಕ್ಕಿದ ಸ್ವತ್ತಿಗೆ ಪೇಟೆಯ ಬೆಲೆ ಎಷ್ಟು?

ಹೀಗಾಗಿ ಠಾಣೆಯ ಕಾಗದದಲ್ಲಿ ಅಮ್ಮನ ಮೊಣಕೈಯ ಗೀರಿಗೆ ಮೂರು ಸಾಲು ಸಿಕ್ಕಿತು, ಬೊಗ್ಗನ ಸಾವಿಗೆ ಅರ್ಧ ಸಾಲು. ಗೀರಾದರೂ ಬೇಗ ನ್ಯಾಯ ಪಡೆದೀತೆ? 2010ರಲ್ಲಿ ನೇಪಿಯನ್ ಸೀ ರಸ್ತೆಯಲ್ಲಿ ವೃದ್ಧರೊಬ್ಬರನ್ನು ರಾಟ್‌ವೈಲರ್ ಕಚ್ಚಿದ ಪ್ರಕರಣದಲ್ಲಿ ನಾಯಿಯ ಮಾಲೀಕರಿಗೆ ಮೂರು ತಿಂಗಳ ಸೆರೆ ವಿಧಿಸಿದ ತೀರ್ಪು ಬಂದದ್ದು 2023ರಲ್ಲಿ. 2018ರಲ್ಲಿ ವರಳಿಯ ಕಟ್ಟಡವೊಂದರ ಲಿಫ್ಟಿನಲ್ಲಿ ನೆರೆಯವರನ್ನು ನಾಯಿ ಕಚ್ಚಿದ್ದಕ್ಕೆ ನಾಲ್ಕು ತಿಂಗಳ ಶಿಕ್ಷೆಯಾದದ್ದು 2025ರಲ್ಲಿ. ಒಂದಕ್ಕೆ ಹದಿಮೂರು ವರ್ಷ, ಇನ್ನೊಂದಕ್ಕೆ ಏಳು. ಇವು ಕಚ್ಚಿಸಿಕೊಂಡವರು ಮನುಷ್ಯರಾಗಿದ್ದ ಪ್ರಕರಣಗಳು.

ಈ ಹೊಣೆಯ ಕಲ್ಪನೆ ಪಶ್ಚಿಮದಿಂದ ಬಂದ ಹೊಸ ಸೂಕ್ಷ್ಮತೆ ಎಂದು ಮೂಗುಮುರಿಯುವವರಿಗೆ ನಮ್ಮದೇ ನೆಲದ ಒಂದು ಸಾಕ್ಷ್ಯ ಕೊಡುತ್ತೇನೆ. ಕೋರೆಹಲ್ಲು ಮತ್ತು ಕೊಂಬುಳ್ಳ ಪ್ರಾಣಿಗಳಿಂದ ಬಿಡಿಸುವ ಶಕ್ತಿಯಿದ್ದೂ ಬಿಡಿಸದ ಒಡೆಯನಿಗೆ ಯಾಜ್ಞವಲ್ಕ್ಯಸ್ಮೃತಿ ದಂಡ ಹೇಳುತ್ತದೆ. ಸಿಕ್ಕಿಬಿದ್ದವನು ಕೂಗಿಕೊಂಡಿದ್ದರೆ ದಂಡ ಇಮ್ಮಡಿ. ಈ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರ ವ್ಯಾಖ್ಯಾನವನ್ನು ಬರೆದದ್ದು ಆರನೆಯ ವಿಕ್ರಮಾದಿತ್ಯನ ಕಾಲದ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. ಪ್ರಾಣಿ ಏನು ಮಾಡಿತು ಎಂಬುದಕ್ಕಿಂತ ಒಡೆಯ ಏನು ಮಾಡಬಹುದಿತ್ತು ಎಂದು ಆ ನಿಯಮ ಕೇಳುತ್ತದೆ. ಕೂಗು ಕಿವಿಗೆ ಬಿದ್ದ ಮೇಲೆ ಅವನ ಹೊಣೆಯನ್ನು ಹೆಚ್ಚಿಸುತ್ತದೆ. ಕಲ್ಯಾಣದ ಪಂಡಿತನ ಮುಂದಿದ್ದ ಈ ವಿವೇಕ ಕಾಂದಿವಲಿಯ ಸೊಸೈಟಿ ಕಚೇರಿಗೆ ಇನ್ನೂ ತಲುಪಿಲ್ಲ.

ಸೊಸೈಟಿಯಲ್ಲಿ ನಡೆದದ್ದೇ ಬೇರೆ. ವಾರದೊಳಗೆ ಎರಡು ಪಂಗಡಗಳು ಎದ್ದವು. ಒಂದು ಪಂಗಡ ‘ಎಲ್ಲ ನಾಯಿಗಳನ್ನೂ ಹೊರಹಾಕಿ’ ಎಂಬ ಮನವಿಗೆ ನನ್ನ ಸಹಿಯನ್ನೇ ಮೊದಲು ಕೇಳಿತು. ಗೇಟಿನ ಹೊರಗೆ ಬೀದಿನಾಯಿಗಳಿಗೆ ಅನ್ನ ಹಾಕುವ ಗುಜರಾತಿ ಅಜ್ಜಿಯನ್ನು ತಡೆಯುವುದೂ ಆ ಮನವಿಯಲ್ಲಿ ಸೇರಿತ್ತು. ಒಂಬತ್ತು ವರ್ಷ ಬೊಗ್ಗನನ್ನು ಕಂಡಾಗಲೆಲ್ಲ ಗೋಡೆಗೆ ಅಂಟಿ ನಿಲ್ಲುತ್ತಿದ್ದವರು ಅವನ ಹೆಸರಿನಲ್ಲಿ ನ್ಯಾಯ ಕೇಳುತ್ತಿದ್ದರು. ನಾನು ಸಹಿ ಹಾಕಲಿಲ್ಲ. ಸೊಸೈಟಿಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ತಿಳಿಸಿದೆ. ತಿಳಿಸದಿದ್ದರೂ ಸಹಿ ಹಾಕುತ್ತಿರಲಿಲ್ಲ. ಎರಡನೆಯ ಪಂಗಡ ಪ್ರಾಣಿಪ್ರಿಯರದು. ಈ ವಿಷಯ ದೊಡ್ಡದು ಮಾಡಿದರೆ ಎಲ್ಲರ ನಾಯಿಗಳಿಗೂ ಕುತ್ತು, ಆದ್ದರಿಂದ ಸುಮ್ಮನಿರಿ ಎಂದು ಅವರು ಬುದ್ಧಿ ಹೇಳಿದರು. ಪ್ರಾಣಿಪ್ರೇಮಕ್ಕೆ ಒಂದು ಪ್ರಾಣಿಯ ಸಾವನ್ನು ಮುಚ್ಚಿಡಬೇಕಾಗಿ ಬಂದರೆ ಅದು ಎಂಥ ಪ್ರೇಮ?

ಈ ನಗರಕ್ಕೆ ನಾಯಿಗಳ ಪರವಾಗಿ ದನಿಯೆತ್ತಿ ಗೊತ್ತಿಲ್ಲವೆಂದಲ್ಲ. 1832ರ ಜೂನ್ 6ರಂದು, ಬ್ರಿಟಿಷ್ ಪೊಲೀಸರು ಬೀದಿನಾಯಿಗಳನ್ನು ಕೊಲ್ಲುತ್ತಿದ್ದುದನ್ನು ಪ್ರತಿಭಟಿಸಿ ಕೋಟೆ ಪ್ರದೇಶದ ಪಾರ್ಸಿಗಳು ಬೀದಿಗಿಳಿದರು. ಅಂಗಡಿಗಳು ಮುಚ್ಚಿದವು, ಸೈನ್ಯಕ್ಕೆ ಹೋಗುವ ಆಹಾರವೂ ನಿಂತಿತು. ಎರಡು ವರ್ಷಗಳ ಬಳಿಕ, 1834ರಲ್ಲಿ, ಜಮ್‌ಶೇಟ್‌ಜೀ ಜೀಜೀಭಾಯ್ ಮೊದಲಾದವರ ದಾನದಿಂದ ಭುಲೇಶ್ವರದ ಪಾಂಜರಪೋಳ ಹುಟ್ಟಿತು. ಕೊಲ್ಲುವವನು ಸರ್ಕಾರವಾದಾಗ ಈ ನಗರ ಅಂಗಡಿಯನ್ನೇ ಮುಚ್ಚಬಲ್ಲುದು. ಹೊಣೆಗೇಡಿ ನೆರೆಯವನಾದಾಗ ಮಾತ್ರ ಬಾಯಿ ಮುಚ್ಚುತ್ತದೆ. ನಾಳೆ ಅದೇ ಲಿಫ್ಟಿನಲ್ಲಿ ಅವನ ಮುಖ ನೋಡಬೇಕಲ್ಲ!

ಇಲ್ಲಿಗೆ ನಮ್ಮವರ ಮಾತಿಗೆ ಬರುತ್ತೇನೆ. ‘ಹೊಟ್ಟೆಪಾಡಿಗೆ ಪರವೂರಿಗೆ ಬಂದವರು ನಾವು, ಅನುಸರಿಸಿಕೊಂಡು ಹೋಗಬೇಕು.’ ಈ ಮಾತನ್ನು ನಾನು ಬಾಲ್ಯದಿಂದ ಕೇಳಿದ್ದೇನೆ. ಮಾತುಂಗದ ಹೋಟೆಲಿನ ಗಲ್ಲಾದಲ್ಲಿ ಕುಳಿತ ನನ್ನ ಅಪ್ಪನಿಗೆ, ರಾತ್ರಿಶಾಲೆಗೆ ಹೋಗಿ ಓದಿದ ಅವರ ಓರಗೆಯವರಿಗೆ ಅದು ಬದುಕುಳಿಯುವ ದಾರಿಯಾಗಿತ್ತು. ಅವರನ್ನು ಹಂಗಿಸುವ ಯೋಗ್ಯತೆ ನನಗಿಲ್ಲ. ಆದರೆ ಮೂರನೆಯ ತಲೆಮಾರು ಇಲ್ಲಿ ಮನೆ ಕೊಂಡು, ತೆರಿಗೆ ಕಟ್ಟಿ, ಮತ ಹಾಕಿ, ಮಕ್ಕಳ ಮದುವೆ ಮಾಡಿದ ಮೇಲೂ ನಾವು ಅತಿಥಿಗಳೇ? ಅನುಸರಣೆ ಎರಡು ಮನೆಗಳ ನಡುವೆ ಹಂಚಿಕೊಂಡಾಗ ಮಾತ್ರ ಗುಣ. ಒಂದೇ ಮನೆ ಸದಾ ಅನುಸರಿಸುತ್ತಿದ್ದರೆ ಅದಕ್ಕೆ ಹೆದರಿಕೆ ಎಂಬ ಬೇರೆ ಹೆಸರಿದೆ.

‘ಇನ್ನೊಂದು ಮರಿ ತನ್ನಿ’ ಎಂದವರೂ ಇದ್ದಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಸತ್ತದ್ದು ಇಸ್ತ್ರಿಪೆಟ್ಟಿಗೆಯಲ್ಲ, ಅಮ್ಮನ ಸಂಜೆಗಳ ಜತೆಗಾರ. ಮಕ್ಕಳು ಲೋಕಲ್ ರೈಲಿನಿಂದ ಬಿದ್ದು ಸಾಯುವ ಊರಿನಲ್ಲಿ ಒಂದು ನಾಯಿಗೆ ಇಷ್ಟು ಅಳುವುದೇ ಎಂದು ಕೇಳಿದವರಿಗೂ ಉತ್ತರಿಸಬೇಕು: ದುಃಖ ಪಡಿತರದ ಧಾನ್ಯವಲ್ಲ, ಇಲ್ಲಿ ಕೊಟ್ಟರೆ ಅಲ್ಲಿ ಕಡಿಮೆಯಾಗುವುದಿಲ್ಲ. ಸಣ್ಣ ಸಾವಿಗೆ ಹೊಣೆ ಹೊರಲು ಕಲಿಯದವರು ದೊಡ್ಡ ಸಾವಿಗೆ ಹೊಣೆ ಹೊರುವರೆಂದು ನಾನು ನಂಬುವುದಿಲ್ಲ.

ಹಾಗಾದರೆ ನನಗೆ ಬೇಕಾದದ್ದೇನು? ಬರುವ ಸಾಮಾನ್ಯ ಸಭೆಯಲ್ಲಿ ನಾಲ್ಕು ವಿಷಯ ಮಂಡಿಸಲಿದ್ದೇನೆ. ಒಂದು, ಮಹಾನಗರಪಾಲಿಕೆಯ ಲೈಸೆನ್ಸು ಮತ್ತು ರೇಬೀಸ್ ಲಸಿಕೆಯ ಪತ್ರದ ಪ್ರತಿ ಪ್ರತಿವರ್ಷ ಸೊಸೈಟಿಯ ಕಡತಕ್ಕೆ ಬರಬೇಕು, ಕೇಳಿದವರಿಗೆ ತೋರಿಸಬೇಕು. ಎರಡು, ಒಂದು ಕೈಗೆ ಒಂದೇ ದೊಡ್ಡ ನಾಯಿ, ಆ ಕೈ ಅದನ್ನು ಹಿಡಿದು ನಿಲ್ಲಿಸಬಲ್ಲ ಕೈಯಾಗಿರಬೇಕು. ಮೂರು, ಗಾಯವಾದರೆ ಚಿಕಿತ್ಸೆಯ ವೆಚ್ಚ ಒಡೆಯರದು. ಕೆಲಸದವರ ಸಂಬಳದಿಂದ ಅದನ್ನು ಮುರಿಯಬಾರದು. ಈ ಮೂರಕ್ಕೂ ಯಾರನ್ನೂ ಹೊರಹಾಕಬೇಕಾಗಿಲ್ಲ, ಯಾವ ತಳಿಯನ್ನೂ ನಿಷೇಧಿಸಬೇಕಾಗಿಲ್ಲ.

ನಾಲ್ಕನೆಯದನ್ನು ನಿರ್ಣಯವಾಗಿ ಬರೆಯಲು ಬರುವುದಿಲ್ಲ. ಸಭೆಯಲ್ಲಿ ಓದಿ ಹೇಳುತ್ತೇನೆ. ಘಟನೆ ನಡೆದ ದಿನವೇ ನೆರೆಮನೆಯ ಬಾಗಿಲಿಗೆ ಬಂದು ನಿಲ್ಲಿ. ತಪ್ಪು ಒಪ್ಪಿಕೊಂಡರೆ ನಾಳೆ ಕೋರ್ಟಿನಲ್ಲಿ ಅದೇ ಸಾಕ್ಷಿಯಾದೀತು ಎಂದು ವಕೀಲರು ಎಚ್ಚರಿಸುತ್ತಾರಂತೆ. ಇರಬಹುದು. ಏನೂ ಒಪ್ಪಿಕೊಳ್ಳದೆಯೂ ‘ಹೇಗಿದ್ದಾನೆ?’ ಎಂದು ಕೇಳಬಹುದಲ್ಲ. ಬೊಗ್ಗ ಮೂರು ದಿನ ಬದುಕಿದ್ದ. ಪಕ್ಕದ ವಿಂಗಿನಿಂದ ನಮ್ಮ ಬಾಗಿಲಿಗೆ ಅರವತ್ತು ಹೆಜ್ಜೆ.

ಅಮ್ಮ ಈಗ ಸಂಜೆ ಕೆಳಗಿಳಿಯುವುದಿಲ್ಲ. ಮೊನ್ನೆ ಈ ಬರಹವನ್ನು ಓದಿ ಹೇಳಿದಾಗ ಕಾನೂನಿನ ಭಾಗಕ್ಕೆ ಆಕಳಿಸಿದಳು. ಕೊನೆಯಲ್ಲಿ ಕೇಳಿದಳು: ‘ಒಂದು ಸಲ ಬಂದು ಕೇಳಿ ಹೋಗಿದ್ದರೆ ಅವರದ್ದೇನು ಹೋಗ್ತಿತ್ತು ಮಗಾ?’ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಡಬೇಕಾದವನು ನಾನೂ ಅಲ್ಲ.