ಮಹಾಂತಪ್ಪನವರ ‘ಕನ್ನಡ’

2004ರಲ್ಲಿ ನ್ಯೂಯಾರ್ಕಿನ ಪೈ ರೆಕಾರ್ಡಿಂಗ್ಸ್ ಸಂಸ್ಥೆಯು ‘ಮದರ್ ಟಂಗ್’ ಎಂಬ ಜಾಝ್ ಧ್ವನಿಮುದ್ರಿಕೆಯೊಂದನ್ನು ಹೊರತಂದಿತು. ಅದರ ಕೃತಿಗಳಲ್ಲೊಂದರ ಹೆಸರು ‘ಕನ್ನಡ’. ಅದು ಕೇವಲ ವಾದ್ಯಗಳ ಕೃತಿ, ಹಾಡುಗಾರರಿಲ್ಲ, ಸಾಹಿತ್ಯವಿಲ್ಲ. ಸ್ಯಾಕ್ಸೊಫೋನ್, ಪಿಯಾನೋ, ಬಾಸ್ ಮತ್ತು ಡ್ರಮ್ಸ್ ಎಂಬ ನಾಲ್ಕು ವಾದ್ಯಗಳು ಕೂಡಿ ನುಡಿಸಿದ ಈ ರಚನೆಗೆ ಕನ್ನಡವೆಂಬ ಹೆಸರು ಹೇಗೆ ಬಂದಿತೆಂಬುದು, ಭಾಷೆಯನ್ನೇ ಓದಿನ ವಿಷಯವನ್ನಾಗಿ ಆರಿಸಿಕೊಂಡವರು ವಿಚಾರಿಸಬೇಕಾದ ಸಂಗತಿ. ಹೊಸೂರಿನಂತಹ ಊರಿನಲ್ಲಿ ಕನ್ನಡ ಓದುವವರಿಗಂತೂ ಅದು ಇನ್ನಷ್ಟು ಹತ್ತಿರದ್ದು.

ರಚನಕಾರರು ರುದ್ರೇಶ್ ಮಹಾಂತಪ್ಪ. ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರಿಗೆ ಊರು ನೆನಪಾಗುತ್ತದೆ. ಹಾಗೆ ನೋಡಿದರೆ ‘ಮಹಾಂತಪ್ಪ’ ಎಂಬುದು ಮನೆತನದ ಹೆಸರೂ ಅಲ್ಲ. ತಂದೆಗೆ ಇಟ್ಟ ಹೆಸರು ಅಮೆರಿಕದ ರೂಢಿಗೆ ಸಿಲುಕಿ ಮಗನ ಮನೆತನದ ಹೆಸರಾಯಿತು. ತಂದೆ ಕೆ. ಟಿ. ಮಹಾಂತಪ್ಪನವರು ಕರ್ನಾಟಕದಿಂದ ಹೋಗಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು. ರುದ್ರೇಶ್ ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟೆ ನಗರದಲ್ಲಿ; ಬೆಳೆದದ್ದು ಕೊಲರಾಡೊದ ಬೌಲ್ಡರಿನಲ್ಲಿ. ಶಾಲೆಯಲ್ಲಿ ಇಂಗ್ಲಿಷ್, ಕೈಯಲ್ಲಿ ಆಲ್ಟೊ ಸ್ಯಾಕ್ಸೊಫೋನ್, ಕಿವಿಯಲ್ಲಿ ಚಾರ್ಲಿ ಪಾರ್ಕರ್. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿಯೂ ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದಲ್ಲಿಯೂ ಓದಿ, 1997ರಲ್ಲಿ ನ್ಯೂಯಾರ್ಕಿಗೆ ಬಂದು ನೆಲೆಸಿದರು.

ಜಾಝ್ ಎಂಬುದು ಅಮೆರಿಕದ ಕಪ್ಪುಜನರು ಕಟ್ಟಿದ ಸಂಗೀತ. ಅದರಲ್ಲಿ 1950ರ ದಶಕದ ಕೊನೆಯಿಂದ ಆರ್ನೆಟ್ ಕೋಲ್ಮನ್, ಜಾನ್ ಕೋಲ್ಟ್ರೇನ್ ಮೊದಲಾದವರು, ಸಿದ್ಧವಾಗಿದ್ದ ಸ್ವರಮೇಳ ಮತ್ತು ಲಯಗಳ ಚೌಕಟ್ಟುಗಳನ್ನು ಸಡಿಲಿಸಿ ಹೊಸ ಹಾದಿಯೊಂದನ್ನು ತೆರೆದರು. ಅದನ್ನು ಮೊದಲ ಸಲ ಕೇಳುವವರಿಗೆ ಗದ್ದಲವೆನಿಸುವುದುಂಟು. ಮಹಾಂತಪ್ಪನವರು ಈ ಹಾದಿಯ ಮುಂದಿನ ತಲೆಮಾರಿನವರು. ಅವರ ವಾದನ ಸುಲಭವಾದುದಲ್ಲ. ಒಂದು ಮಾತ್ರೆಗೂ ಬಿಡುವು ಕೊಡದೆ ಧಾವಿಸುವ ಸ್ವರಗಳ ಜೊತೆಗೆ ಓಡುವ ಕಿವಿ ಬೇಕು. ಚಲನಚಿತ್ರಗೀತೆಗೆ ಒಗ್ಗಿದ ಕಿವಿಗೆ ಮೊದಲ ಹತ್ತು ನಿಮಿಷ ಕಷ್ಟವೇ. ಆ ಕಷ್ಟವನ್ನು ಮುಚ್ಚಿಟ್ಟು ಅವರನ್ನು ಹೊಗಳುವುದರಿಂದ ಪ್ರಯೋಜನವಿಲ್ಲ.

‘ಮದರ್ ಟಂಗ್’ ಹುಟ್ಟಿದ್ದು ಒಂದು ಪ್ರಶ್ನೆಯಿಂದ. ಅಮೆರಿಕದಲ್ಲಿ ಭಾರತೀಯ ಚಹರೆಯವರನ್ನು ಜನ ಕೇಳುವ ಪ್ರಶ್ನೆ ಅದು: ‘ನೀವು ಇಂಡಿಯನ್ ಮಾತನಾಡುತ್ತೀರಾ?’ ಅಥವಾ ‘ಹಿಂದೂ ಮಾತನಾಡುತ್ತೀರಾ?’ ಅಂತಹ ಭಾಷೆ ಯಾವುದೂ ಇಲ್ಲವೆಂದು ತಿಳಿಯದವರ ಪ್ರಶ್ನೆ. ಮಹಾಂತಪ್ಪನವರು ಇದಕ್ಕೆ ಸಿಟ್ಟಿನ ಉತ್ತರ ಬರೆಯಲಿಲ್ಲ. ಅಮೆರಿಕದಲ್ಲಿ ನೆಲೆಸಿದ ಭಾರತೀಯರಿಗೆ ಅದೇ ಪ್ರಶ್ನೆಯನ್ನು ಒಡ್ಡಿ, ಅವರು ತಮ್ಮತಮ್ಮ ಮನೆಮಾತಿನಲ್ಲಿ ಕೊಟ್ಟ ಉತ್ತರಗಳನ್ನು ಧ್ವನಿಮುದ್ರಿಸಿಕೊಂಡರು. ಬಳಿಕ ಆ ಮಾತುಗಳ ಅರ್ಥವನ್ನು ಬದಿಗಿರಿಸಿ, ಧ್ವನಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಯಾವ ಅಕ್ಷರದ ಮೇಲೆ ತಂಗುತ್ತದೆ, ಎಲ್ಲಿ ಅವಸರಿಸುತ್ತದೆ ಎಂಬುದನ್ನು ಸ್ವರಲಿಪಿಗೆ ಇಳಿಸಿದರು. ಆ ಸ್ವರಗಳೇ ರಚನೆಗಳ ಬೀಜಗಳಾದವು. ‘ಕನ್ನಡ’, ‘ತಮಿಳು’, ‘ತೆಲುಗು’, ‘ಮಲಯಾಳಂ’, ‘ಕೊಂಕಣಿ’, ‘ಗುಜರಾತಿ’ ಎಂದು ಕೃತಿಗಳಿಗೆ ಹೆಸರು ಬಂದದ್ದು ಹೀಗೆ. ‘ಇಂಗ್ಲಿಷ್’ ಎಂಬುದೂ ಅಲ್ಲಿದೆ. ಅದನ್ನು ಬಿಡದಿದ್ದುದು ಪ್ರಾಮಾಣಿಕತೆ.

ಇಂತಹ ಕೆಲಸವನ್ನು ಮೊದಲು ಮಾಡಿದವರು ಅವರೇ ಎಂದೇನೂ ಅಲ್ಲ. ಮೊರಾವಿಯದ ಸಂಗೀತ ರಚನಕಾರ ಲಿಯೋಶ್ ಯಾನಾಚೆಕ್ (1854-1928) ಸಂತೆ, ಬೀದಿ, ರೈಲುನಿಲ್ದಾಣಗಳಲ್ಲಿ ಕೇಳಿದ ಜನರ ಮಾತಿನ ಧಾಟಿಗಳನ್ನು ದಶಕಗಳ ಕಾಲ ಸ್ವರಗಳಲ್ಲಿ ಬರೆದಿಟ್ಟುಕೊಂಡವನು. 1903ರಲ್ಲಿ ಮಗಳು ಓಲ್ಗಾ ಮರಣಶಯ್ಯೆಯಲ್ಲಿದ್ದಾಗ ಅವಳ ಕೊನೆಯ ನುಡಿಗಳ ಧಾಟಿಯನ್ನೂ ಬರೆದುಕೊಂಡ. ಕ್ರೌರ್ಯವೆಂದು ತೋರಬಹುದಾದ ಈ ಕಾರ್ಯದ ಹಿಂದೆ, ಮಾತಿನ ಧಾಟಿಯಲ್ಲಿಯೇ ಮನುಷ್ಯನ ಜೀವವಿದೆಯೆಂಬ ಗಾಢವಾದ ನಂಬಿಕೆಯಿತ್ತು. ಜರ್ಮನ್ ಭಾಷೆಯ ಅಧಿಕಾರದಡಿಯಲ್ಲಿ ಚೆಕ್ ಮಾತನಾಡುತ್ತಿದ್ದ ನಾಡು ಅವನದು.

‘ಮದರ್ ಟಂಗ್’ ಧ್ವನಿಮುದ್ರಿಕೆಯಲ್ಲಿ ಪಿಯಾನೋ ನುಡಿಸಿದವರು ವಿಜಯ್ ಅಯ್ಯರ್. ಅವರೂ 1971ರಲ್ಲಿಯೇ ಹುಟ್ಟಿದವರು, ಅಮೆರಿಕಕ್ಕೆ ವಲಸೆ ಹೋದ ತಮಿಳು ದಂಪತಿಗಳ ಮಗ. ತಮಿಳು ಮನೆಯ ಮಗ ‘ಕನ್ನಡ’ಕ್ಕೆ ಪಿಯಾನೋ ನುಡಿಸಿದರು, ಕನ್ನಡ ಮನೆಯ ಮಗ ‘ತಮಿಳು’ವಿಗೆ ಸ್ಯಾಕ್ಸೊಫೋನ್ ಊದಿದರು. ಹೊಸೂರಿನ ಬಸ್‌ನಿಲ್ದಾಣದಲ್ಲಿ ಕಾಲು ಗಂಟೆ ನಿಂತವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. (ಕೃಷ್ಣಗಿರಿ ಜಿಲ್ಲೆ ಧರ್ಮಪುರಿಯಿಂದ ಬೇರ್ಪಟ್ಟು ರಚನೆಯಾದದ್ದೂ ಅದೇ 2004ರಲ್ಲಿ. ಕಾಕತಾಳೀಯವಾದರೂ ನೆನಪಿಡಲು ಅನುಕೂಲ.)

ಮಹಾಂತಪ್ಪನವರ ಕಥೆಯಲ್ಲಿ ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕರಿದ್ದಾರೆ. ಅವರನ್ನು ಬಿಟ್ಟರೆ ಕಥೆ ಅರ್ಧವೇ ಆದೀತು. ಬರ್ಕ್ಲಿಯಲ್ಲಿ ಓದುತ್ತಿದ್ದ ದಿನಗಳಲ್ಲಿ ಅವರ ಅಣ್ಣ ತಮಾಷೆಗೆಂದು ಧ್ವನಿಮುದ್ರಿಕೆಯೊಂದನ್ನು ಉಡುಗೊರೆ ಕೊಟ್ಟರು. ಹೆಸರು ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’; ವಾದಕರು ಕದ್ರಿ ಗೋಪಾಲನಾಥ್. ನಗುವುದಕ್ಕೆಂದು ಕೊಟ್ಟದ್ದು ಬದುಕಿನ ದಿಕ್ಕನ್ನು ತಿರುಗಿಸಿತು. ಬಂಟ್ವಾಳ ತಾಲ್ಲೂಕಿನ ಸಜಿಪದಲ್ಲಿ ನಾಗಸ್ವರ ವಿದ್ವಾಂಸರಾದ ತನಿಯಪ್ಪನವರ ಮಗನಾಗಿ ಹುಟ್ಟಿದ ಗೋಪಾಲನಾಥರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಮರುಳಾದವರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ, ಮದ್ರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಕಲಿತರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1840ರ ದಶಕದಲ್ಲಿ ರೂಪಿಸಿದ ಆ ವಾದ್ಯದಲ್ಲಿ ಪ್ರತಿಯೊಂದು ಸ್ವರಕ್ಕೂ ನಿಗದಿಯಾದ ರಂಧ್ರ, ನಿಗದಿಯಾದ ಮುಚ್ಚಳ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ, ತೂಗುವ, ಕಂಪಿಸುವ ಗಮಕಗಳಿಗೆ ಅದರಲ್ಲಿ ಜಾಗವೇ ಇಲ್ಲ. ತುಟಿಯ ಒತ್ತಡ, ಉಸಿರಿನ ಹಿಡಿತಗಳಿಂದಲೂ ವಾದ್ಯದಲ್ಲಿಯೇ ಮಾಡಿಕೊಂಡ ಕೆಲವು ಮಾರ್ಪಾಡುಗಳಿಂದಲೂ ಆ ಜಾಗವನ್ನು ಅವರು ಮಾಡಿಕೊಂಡರು. ಅದಕ್ಕೆ ಹಿಡಿದದ್ದು ಹೆಚ್ಚುಕಡಮೆ ಇಪ್ಪತ್ತು ವರ್ಷಗಳ ಸಾಧನೆ. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ಜೊತೆಗೂಡಿ ನುಡಿಸಲು ಬಯಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿಬಿಸಿ ಪ್ರಾಮ್ಸ್ ಉತ್ಸವಕ್ಕೆ ಆಹ್ವಾನ ಬಂದಿತು. ಅದೇ ವರ್ಷ ಬಂದ ತಮಿಳು ಚಿತ್ರ ‘ಡ್ಯುಯೆಟ್’ನಿಂದ ಅವರ ಸ್ಯಾಕ್ಸೊಫೋನ್ ತಮಿಳುನಾಡಿನ ಮನೆಮನೆಗೆ ತಲುಪಿತು. 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.

ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂದಿತು. ಪಿಟೀಲಿನಲ್ಲಿ ಎ. ಕನ್ಯಾಕುಮಾರಿ, ಮೃದಂಗದಲ್ಲಿ ಪೂವಲೂರು ಶ್ರೀಜಿ ಒಂದು ಕಡೆ. ಗಿಟಾರ್, ಬಾಸ್, ಡ್ರಮ್ಸ್ ಇನ್ನೊಂದು ಕಡೆ. ನಡುವೆ ಎರಡು ಆಲ್ಟೊ ಸ್ಯಾಕ್ಸೊಫೋನುಗಳು. ಒಂದೇ ವಾದ್ಯ, ಎರಡು ಉಚ್ಚಾರಣೆಗಳು. ಗೋಪಾಲನಾಥರ ಸ್ವರ ದುಂಡಗೆ ತೂಗಿ ಬರುತ್ತದೆ. ಮಹಾಂತಪ್ಪನವರದು ಅಂಚು ಹರಿತವಾದ ಸ್ವರ. ಯಾರೂ ಮತ್ತೊಬ್ಬರಂತೆ ನುಡಿಸಲು ಯತ್ನಿಸುವುದಿಲ್ಲ. ‘ಸಮ್ಮಿಲನ’ವೆಂಬ ಹೆಸರಿನಲ್ಲಿ ನಡೆಯುವ ಅನೇಕ ಕಚೇರಿಗಳಲ್ಲಿ ತಬಲಾದ ಮೇಲೆ ಗಿಟಾರನ್ನು ಚಿಮುಕಿಸಿ ಬಡಿಸುವುದೇ ಹೆಚ್ಚು, ಇದು ಆ ಜಾತಿಯದಲ್ಲ. ಕನ್ನಡ ವ್ಯಾಕರಣದ ವಿದ್ಯಾರ್ಥಿಗಳಿಗೆ ಆಗಮಸಂಧಿಯನ್ನು ನೆನಪಿಸಿದರೆ ಸಾಕು: ಪೂರ್ವಪದದಲ್ಲಿಯೂ ಉತ್ತರಪದದಲ್ಲಿಯೂ ಇಲ್ಲದ ವರ್ಣವೊಂದು ಎರಡೂ ಕೂಡುವಲ್ಲಿ ಬಂದು ನಿಲ್ಲುತ್ತದೆ. ಮಹಾಂತಪ್ಪನವರು 2011ರ ಧ್ವನಿಮುದ್ರಿಕೆಗೆ ‘ಸಂಧಿ’ ಎಂದೂ 2013ರದಕ್ಕೆ ‘ಗಮಕ’ ಎಂದೂ ಹೆಸರಿಟ್ಟಿದ್ದಾರೆ. 2007ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ದೊರೆತು, 2016ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ನಿರ್ದೇಶಕರಾದರು. ‘ಡೌನ್‌ಬೀಟ್’ ಪತ್ರಿಕೆಯ ವಿಮರ್ಶಕರ ಸಮೀಕ್ಷೆಯಲ್ಲಿ ಹಲವು ಬಾರಿ ಆಲ್ಟೊ ವಾದಕರ ಮೊದಲ ಸ್ಥಾನ ಅವರದಾಗಿದೆ.

ಇಷ್ಟು ಹೇಳಿದೊಡನೆ ‘ನಮ್ಮ ಕನ್ನಡಿಗ’ ಎಂದು ಶಾಲು ಹೊದಿಸಲು ಧಾವಿಸುವವರಿದ್ದಾರೆ. ಪ್ರಶಸ್ತಿ ಬಂದ ಮರುದಿನ ಹೆಸರಿನ ಕೊನೆಯ ‘ಅಪ್ಪ’ನನ್ನು ಹಿಡಿದು ಜಿಲ್ಲೆ, ತಾಲ್ಲೂಕು, ಮನೆತನಗಳನ್ನು ಹುಡುಕುವ ಉತ್ಸಾಹ ಕನ್ನಡ ಪತ್ರಿಕೆಗಳಿಗೆ ಹಳೆಯದು. ಗೋಪಾಲನಾಥರ ವಿಷಯದಲ್ಲಿಯೂ ಹೀಗೆಯೇ: ತುಳುನಾಡಿನ ಮಗು, ಕನ್ನಡ ನಾಡಿನ ಹೆಮ್ಮೆ, ಕಲೈಮಾಮಣಿ ಕೊಟ್ಟು ಗೌರವಿಸಿದ ತಮಿಳರ ಪ್ರಿಯ ವಾದಕ. ಯಾರ ಪಾಲು ಎಷ್ಟೆಂದು ಅಳೆಯುವುದು ವ್ಯರ್ಥ ಕಾರ್ಯ. ಹೆಸರನ್ನು ಅಪ್ಪಿಕೊಂಡು ಕೃತಿಯನ್ನು ಕೇಳದೇ ಬಿಡುವುದಂತೂ ಅನ್ಯಾಯ.

ಆಕ್ಷೇಪವೊಂದು ಸಹಜವಾಗಿಯೇ ಏಳುತ್ತದೆ. ಹೆಸರನ್ನು ಮರೆಮಾಡಿ ‘ಕನ್ನಡ’ವನ್ನು ಕೇಳಿಸಿದರೆ ಯಾವ ಕನ್ನಡಿಗನೂ ಅದು ತನ್ನ ಭಾಷೆಯೆಂದು ಗುರುತಿಸಲಾರ, ಹಾಗಿದ್ದರೆ ಹೆಸರು ಕೇವಲ ಅಂಟುಚೀಟಿಯಲ್ಲವೇ? ಗುರುತಿಸಲಾರನೆಂಬುದು ನಿಜ. ಆದರೆ ಬೀಜವನ್ನು ಮರದಲ್ಲಿ ತೋರಿಸೆಂದು ಯಾರೂ ಹಟ ಹಿಡಿಯುವುದಿಲ್ಲ. ಇಲ್ಲಿ ಗಮನಿಸಬೇಕಾದದ್ದು ಅವರು ಯಾವುದನ್ನು ಬೀಜವೆಂದು ಆರಿಸಿಕೊಂಡರು ಎಂಬುದನ್ನು. ಕವಿಗಳ ಕನ್ನಡವನ್ನಲ್ಲ, ವೇದಿಕೆಯ ಕನ್ನಡವನ್ನಲ್ಲ. ದೇಶ ಬಿಟ್ಟು ದಶಕಗಳಾದ, ಇಂಗ್ಲಿಷಿನ ನಡುವೆ ಉಳಿದುಕೊಂಡ, ವ್ಯಾಕರಣದ ಪರೀಕ್ಷೆಗೆ ಕೂರಿಸಿದರೆ ಬಹುಶಃ ಅಂಕ ಕಳೆದುಕೊಳ್ಳುವ ಮನೆಯ ಮಾತನ್ನು. ಅದರ ಧಾಟಿಯನ್ನು ತಿದ್ದದೆ, ಇದ್ದಂತೆಯೇ ಬರೆದುಕೊಂಡರು.

ಹೊಸೂರು ಪ್ರಾಂತದ ಮಕ್ಕಳು ಬೆಂಗಳೂರಿಗೆ ಹೋದಾಗ ಕೇಳುವ ಮೊದಲ ಟೀಕೆಯೇ ಧಾಟಿಯ ಕುರಿತಾದದ್ದು. ‘ನಿನ್ನ ಕನ್ನಡದಲ್ಲಿ ತಮಿಳು ರಾಗವಿದೆ’ ಎನ್ನುತ್ತಾರೆ. ನಲವತ್ತು ಕಿಲೋಮೀಟರಿನ ದಾರಿ. ಅತ್ತಿಬೆಲೆ ದಾಟುವಷ್ಟರಲ್ಲಿ ಮನೆಮಾತು ತಪ್ಪಾಗಿಬಿಡುತ್ತದೆ. ಇತ್ತ ಊರಿನಲ್ಲಿ, ತಳಿ, ಡೆಂಕಣಿಕೋಟೆ, ಅಂಚೆಟ್ಟಿಗಳ ಮನೆಗಳಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. 2006ರ ತಮಿಳು ಕಲಿಕಾ ಕಾಯಿದೆಯ ನಂತರ ತಮಿಳು ಶಾಲೆಯಲ್ಲಿ ಕಡ್ಡಾಯವಾಗುತ್ತ ಬಂದು, ಕನ್ನಡವು ಅನೇಕ ಮಕ್ಕಳಿಗೆ ನಾಲಗೆಯಲ್ಲಿ ಇದ್ದು ಲೇಖನಿಯಲ್ಲಿ ಇಲ್ಲದ ಭಾಷೆಯಾಗುತ್ತಿದೆ. ತಮಿಳನ್ನು ಕಲಿತದ್ದರಿಂದ ಯಾರಿಗೂ ನಷ್ಟವಾಗಿಲ್ಲ. ಕನ್ನಡವನ್ನು ಬರೆಯಲಾರದೆ ಹೋದದ್ದರಿಂದ ಆಗಿರುವ ನಷ್ಟ ಬೇರೆ. ಆ ನಷ್ಟದ ಮೇಲೆ ನಾಚಿಕೆಯನ್ನೂ ಹೊರಿಸಿದರೆ ಮಗು ಮನೆಯಲ್ಲಿಯೂ ಮಾತು ನಿಲ್ಲಿಸುತ್ತದೆ.

ಹನ್ನೆರಡು ಕೋಸಿಗೊಮ್ಮೆ ಭಾಷೆ ಬದಲಾಗುತ್ತದೆಂಬುದು ಮರಾಠಿಯ ಗಾದೆ. ಬೆಳಗಾವಿ, ನಿಪ್ಪಾಣಿಗಳ ಕಡೆಯ ಕನ್ನಡಕ್ಕೆ ಮರಾಠಿಯ ಧಾಟಿಯಿದೆಯೆಂದು ದಕ್ಷಿಣದವರು ನಗುತ್ತಿದ್ದ ಕಾಲವೂ ಒಂದಿತ್ತು. ಆ ನಗುವಿಗೆ ಯಾರೂ ಉತ್ತರ ಕೊಡಬೇಕಾಗಲಿಲ್ಲ. ಮನೆಯಲ್ಲಿ ಮರಾಠಿಯಾಡುತ್ತಿದ್ದ ಬೇಂದ್ರೆಯವರು ಧಾರವಾಡದ ಬೀದಿಯ ನುಡಿಯನ್ನು ಅದರ ಲಯಸಮೇತ ಕಾವ್ಯಕ್ಕೆ ತಂದರು. ಹೊಸೂರಿನಿಂದ ಬಹುದೂರವಿಲ್ಲದ ಮಾಲೂರು ತಾಲ್ಲೂಕಿನಲ್ಲಿ, ಮನೆಮಾತು ತಮಿಳಾಗಿದ್ದ ಮಾಸ್ತಿಯವರು ಕನ್ನಡದ ಸಣ್ಣಕಥೆಗೆ ಅದರ ಆಡುಮಾತಿನ ಸಮಾಧಾನವನ್ನು ಕೊಟ್ಟರು. ಹೀಗಿರುವಾಗ ಬೆರಕೆಯಿಲ್ಲದ ಧಾಟಿಯನ್ನು ಗಡಿಯ ಮಕ್ಕಳಿಂದ ಮಾತ್ರ ಕೇಳುವುದು ವಿಚಿತ್ರ.

ಕನ್ನಡ ವಿಭಾಗಗಳು ಈ ವಿಷಯದಲ್ಲಿ ತಮ್ಮ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ತರಗತಿಯಲ್ಲಿ ವಿದ್ಯಾರ್ಥಿ ಬಾಯಿ ತೆರೆದೊಡನೆ ತಿದ್ದುವುದೇ ಪಾಠವೆಂದು ನಂಬಿದವರು ಕಡಮೆಯಿಲ್ಲ. ಉಪಭಾಷೆಗಳ ಕುರಿತು ಪುಟಗಟ್ಟಲೆ ಟಿಪ್ಪಣಿ ಬರೆಸಲಾಗುತ್ತದೆ: ಧಾರವಾಡ ಕನ್ನಡ, ಮಂಗಳೂರು ಕನ್ನಡ, ಮೈಸೂರು ಕನ್ನಡ. ಎದುರಿಗೇ ಕುಳಿತು ಮಾತನಾಡುತ್ತಿರುವ ಹೊಸೂರು ಕನ್ನಡಕ್ಕೆ ಆ ಟಿಪ್ಪಣಿಯಲ್ಲಿ ಒಂದು ಸಾಲೂ ಇರುವುದಿಲ್ಲ.

ಮಹಾಂತಪ್ಪನವರು ಮಾಡಿದ ಕೆಲಸದ ಮೊದಲರ್ಧಕ್ಕೆ ಸಂಗೀತ ಬೇಕಿಲ್ಲ. ಪ್ರಶ್ನೆಯೊಂದು, ಧ್ವನಿಮುದ್ರಣದ ಸಾಧನವೊಂದು, ತಾಳ್ಮೆಯಿಂದ ಕೇಳುವ ಕಿವಿ, ಇವಿಷ್ಟೇ ಬೇಕಾದದ್ದು. ಸಾಧನವಂತೂ ಈಗ ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿದೆ. ಮುಂದಿನ ಬೇಸಿಗೆಯ ರಜೆಯಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳು ತಮ್ಮತಮ್ಮ ಹಳ್ಳಿಯ ಹಿರಿಯರೊಬ್ಬರ ಬಳಿ ಕುಳಿತು, ‘ಅಜ್ಜಿ, ನೀವು ಮನೆಯಲ್ಲಿ ಯಾವ ಮಾತು ಆಡುತ್ತೀರಿ?’ ಎಂದು ಕೇಳಿ, ಅವರು ಹೇಳಿದ್ದನ್ನು ಮುದ್ರಿಸಿಕೊಂಡು ಬರಲಿ. ಅದನ್ನು ಬರಹಕ್ಕಿಳಿಸುವಾಗ ಒಂದೇ ಒಂದು ನಿಯಮವಿರಲಿ: ತಮಿಳಿನ ಪದ ಬಂದಲ್ಲಿ ತಮಿಳಿನ ಪದವನ್ನೇ, ತೆಲುಗಿನದು ಬಂದಲ್ಲಿ ತೆಲುಗಿನದನ್ನೇ, ಮಾತು ತಡೆದು ನಿಂತಲ್ಲಿ ಆ ತಡೆಯನ್ನೂ ಬರೆಯಬೇಕು. ಕೆಂಪು ಶಾಯಿಯ ಲೇಖನಿಯನ್ನು ಅಷ್ಟು ದಿನ ಅಧ್ಯಾಪಕರ ಕೋಣೆಯಲ್ಲಿಯೇ ಇರಿಸಬಹುದು.