ಪೌಳಿಯಾಚೆ ಎಸೆದ ದಯೆ

ಭಾದ್ರಪದದಲ್ಲಿ ಗರ್ಭ ಧರಿಸಿದ ಬೀದಿನಾಯಿಯು ಸುಮಾರು 63 ದಿನಗಳ ನಂತರ, ಚಳಿ ಕಾಲಿಡುವ ಹೊತ್ತಿಗೆ ಮರಿ ಹಾಕುತ್ತದೆ. ಬೈಲಹೊಂಗಲ, ಸವದತ್ತಿ ಸೀಮೆಯ ಎರೆಹೊಲಗಳ ಮೇಲಿಂದ ಬೀಸುವ ಗಾಳಿಗೆ ಮರೆ ಹುಡುಕುತ್ತ ಅದು ಬಸದಿಯ ಪೌಳಿಯ ಮೂಲೆಯನ್ನೋ ಶ್ರಾವಕರ ಮನೆಯ ಹಿತ್ತಿಲನ್ನೋ ಸೇರುತ್ತದೆ. ಬೆಳಿಗ್ಗೆ ಅಭಿಷೇಕಕ್ಕೆ ಬಂದವರು ಮುಖ ಸಿಂಡರಿಸುತ್ತಾರೆ. ಕಣ್ಣು ತೆರೆಯದ ಕುನ್ನಿಗಳನ್ನು ಆಳಿನ ಕೈಯಿಂದ ಗೋಣಿಚೀಲಕ್ಕೆ ತುಂಬಿಸಿ ಊರ ಹೊರಗೆ ಬಿಡಿಸಲಾಗುತ್ತದೆ. ಯಾರೂ ಕೋಲೆತ್ತಲಿಲ್ಲ, ರಕ್ತ ಬೀಳಲಿಲ್ಲ. ಆದಕಾರಣ ಹಿಂಸೆಯಾಗಲಿಲ್ಲವೆಂಬ ಸಮಾಧಾನದಿಂದ ಪೂಜೆ ಮುಂದುವರಿಯುತ್ತದೆ.

ಈ ಸಮಾಧಾನಕ್ಕೆ ಶಾಸ್ತ್ರದ ಆಧಾರವಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ ಅಂದರೆ ಹೊಡೆತ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಚೀಲದಲ್ಲಿ ಕಟ್ಟುವುದು ಬಂಧವಲ್ಲದೆ ಮತ್ತೇನು? ತಾಯಿಯ ಮೊಲೆಯಿಂದ ಕಿತ್ತೊಯ್ಯುವುದು ಅನ್ನಪಾನನಿರೋಧವಲ್ಲದೆ ಮತ್ತೇನು? ಕೃತ, ಕಾರಿತ, ಅನುಮೋದನ ಮೂರೂ ಕರ್ಮಬಂಧಕ್ಕೆ ಕಾರಣವೆಂದು ಬಾಲಬೋಧೆಯಲ್ಲಿ ಕಲಿತವರು, ಚೀಲ ಹೊತ್ತವನು ಆಳು ಎಂಬ ನೆಪದಿಂದ ಪಾರಾಗಲಾರರು.

ನವಜಾತ ಮರಿಗೆ ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿಯಿಲ್ಲ. ಮೊದಲ ವಾರ ಅದಕ್ಕೆ ಚಳಿಗೆ ನಡುಗಲೂ ಬಾರದು. ಕಣ್ಣು ತೆರೆಯಲು 10ರಿಂದ 14 ದಿನಗಳು ಬೇಕು. ತಾಯಿ ನೆಕ್ಕದಿದ್ದರೆ ಮೂತ್ರವೂ ಹೊರಬಾರದು. ಆ ವಾರದಲ್ಲಿ ಅದರ ಗೂಡು ಸುಮಾರು 29ರಿಂದ 32 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ಮಾಗಿಯ ಇರುಳು ಬಯಲಿನಲ್ಲಿ ಅದರ ಅರ್ಧದಷ್ಟು ಬಿಸುಪೂ ಉಳಿಯುವುದು ಕಷ್ಟ. ಇಂಥ ಜೀವವನ್ನು ಬಯಲಿಗೆ ಬಿಡುವುದೆಂದರೆ ಕೊಲ್ಲುವ ಕೆಲಸವನ್ನು ಚಳಿಗೆ ಒಪ್ಪಿಸುವುದು.

“ಅವರವರ ಕರ್ಮದ ಉದಯ, ತಪ್ಪಿಸಲು ಯಾರಿಗೆ ಸಾಧ್ಯ?” ಎಂದು ಕೆಲವರು ಕೇಳುತ್ತಾರೆ. ತಮ್ಮ ಮಗುವಿಗೆ ಜ್ವರ ಬಂದಾಗ ಇವರು ಕರ್ಮೋದಯವೆಂದು ಕೈಕಟ್ಟಿ ಕೂಡುವುದಿಲ್ಲ. 1424ರಲ್ಲಿ ಭಾಸ್ಕರನು ಕನ್ನಡದಲ್ಲಿ ಹೇಳಿದ್ದು ಜೀವಂಧರನ ಚರಿತೆಯನ್ನು. ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರ ಹೇಳಿ ಅದಕ್ಕೆ ಯಕ್ಷಗತಿಯನ್ನು ದೊರಕಿಸಿಕೊಟ್ಟ ಆ ಪುಣ್ಯಪುರುಷನು, ನಾಯಿಯ ಕರ್ಮ ನಾಯಿಗೆ ಎಂದು ದಾಟಿಹೋಗಲಿಲ್ಲ. ಆ ಕಥೆಯನ್ನು ಕೇಳಿ ಕಣ್ಣು ಒರೆಸಿಕೊಳ್ಳುವ ಸಭೆಯೇ ಬದುಕಬಲ್ಲ ಮರಿಗೆ ಹಳೆಯ ಕೌದಿಯೊಂದನ್ನು ಕೊಡಲು ಹಿಂಜರಿದರೆ, ಪುರಾಣಶ್ರವಣದ ಫಲವೇನು?

ಬಸದಿಯ ಶುಚಿತ್ವದ ಮಾತು ನ್ಯಾಯವಾದದ್ದೇ. ಆದರೆ ಗರ್ಭಗೃಹದಲ್ಲಿ ಮರಿಗಳನ್ನು ಇರಿಸಿರೆಂದು ಯಾರೂ ಕೇಳುತ್ತಿಲ್ಲ. ಪೌಳಿಯ ಹೊರಮೂಲೆಯಲ್ಲಿ, ಗಾಳಿಗೆ ಮರೆಯಾಗಿ, ನೆಲದಿಂದ ತುಸು ಎತ್ತರದಲ್ಲಿ ಒಂದು ಮರದ ಪೆಟ್ಟಿಗೆ, ಅದರೊಳಗೆ ಒಣ ಗೋಣಿ ಹಾಗೂ ಕೌದಿ ಇದ್ದರೆ ಸಾಕು. ತಾಯಿಯನ್ನೂ ಮರಿಗಳನ್ನೂ ಅಗಲಿಸಬಾರದು. ತಾಯಿಯ ಮೈಗಿಂತ ಉತ್ತಮವಾದ ಬಿಸುಪಿಲ್ಲ. ತಾಯಿಗೆ ಹೊಟ್ಟೆತುಂಬ ಅನ್ನ, ನೀರು ಸಿಕ್ಕರೆ ಮರಿಗಳಿಗೆ ಹಾಲು ತಾನಾಗಿ ಸಿಗುತ್ತದೆ. ತಾಯಿ ಸತ್ತಿದ್ದರೆ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿರಿಸಬೇಕು. ಸೆಕೆಯಾದರೆ ಮರಿ ದೂರ ಸರಿಯಲು ಜಾಗವಿರಬೇಕು. ತಣ್ಣಗಾದ ಮರಿಯ ಬಾಯಿಗೆ ಕರುಣೆಯಿಂದ ಹಾಲು ಸುರಿಯುವುದೂ ಅಪಾಯಕರ. ಮೈ ಬೆಚ್ಚಗಾಗುವವರೆಗೆ ಅದರ ಹೊಟ್ಟೆ ಹಾಲನ್ನು ಅರಗಿಸಲಾರದು. ಅನಂತರ ಪಶುವೈದ್ಯರನ್ನು ಕೇಳಿ ಉಣಿಸುವುದು ಲೇಸು. ಅರಿವಿಲ್ಲದ ದಯೆಯೂ ಪ್ರಮಾದವೇ.

ನಾಯಿಗಳ ಸಂಖ್ಯೆ ಹೆಚ್ಚುತ್ತದೆ, ಮಕ್ಕಳನ್ನು ಕಚ್ಚುತ್ತವೆ ಎಂಬ ಭಯವೂ ಸುಳ್ಳಲ್ಲ. ಅದಕ್ಕೆ ಪರಿಹಾರ ಗೋಣಿಚೀಲವಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸಂತಾನಹರಣ ಹಾಗೂ ರೇಬೀಸ್ ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ. ವಿಶ್ವಸ್ತ ಮಂಡಳಿಯು ಪುರಸಭೆಗೆ ಪತ್ರ ಬರೆಯಲಿ, ಬೆನ್ನುಹತ್ತಲಿ, ಲಸಿಕೆಯ ವೆಚ್ಚಕ್ಕೆ ದಾನವನ್ನೂ ನೀಡಲಿ. ಪ್ರಾಣಿಯನ್ನು ಹಸಿದು ನರಳುವಂತೆ ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯಂತೆ ಅಪರಾಧ. ದೇಶದ ಕಾಯಿದೆ ಕಂಡ ಪಾಪವನ್ನು ಅಣುವ್ರತಿಗಳು ಕಾಣದಿರುವುದು ನಾಚಿಕೆಗೇಡು.

ಸುಗಂಧವರ್ತಿಯೆಂದು ಹೆಸರಾಗಿದ್ದ ಸವದತ್ತಿಯಲ್ಲಿ ರಟ್ಟರು ಜಿನಾಲಯಗಳಿಗೆ ಭೂಮಿ ಬಿಟ್ಟರು. ಶಾಸನಗಳು ಅದಕ್ಕೆ ಸಾಕ್ಷಿ. ಇಂದಿನ ಶ್ರಾವಕರಿಂದ ಬೇಕಾಗಿರುವುದು ಭೂಮಿಯಲ್ಲ; ಎರಡು ತಿಂಗಳ ಮಟ್ಟಿಗೆ ಎರಡು ಮೊಳ ನೆಲ. ಅಭಯದಾನವನ್ನು ದಾನಗಳಲ್ಲಿ ಶ್ರೇಷ್ಠವೆಂದು ಫಲಕದ ಮೇಲೆ ಕೆತ್ತಿಸಿದವರು, ಆ ಫಲಕದ ಕೆಳಗೆ ಮಲಗಿದ ಜೀವವನ್ನು ಎಬ್ಬಿಸಿ ಓಡಿಸುವ ಮುನ್ನ ಒಮ್ಮೆ ಅದನ್ನು ಓದಿಕೊಳ್ಳಲಿ.