'ಸಹಜ ಸಾವು' ಎಂಬ ಸುಳ್ಳು

ಕೆನಡಾದ ಸಸ್ಕ್ಯಾಚವಾನ್ ಪ್ರಾಂತ್ಯದ ಬಯಲಿನಲ್ಲಿ ರೈಲು ಹಳಿಗುಂಟ ಹುಟ್ಟಿದ ಪುಟ್ಟ ಊರುಗಳು ಬರಿದಾಗುತ್ತಿರುವುದನ್ನು ಅನೇಕರು 'ಸಹಜ ಸಾವು' ಎಂದು ಕರೆಯುತ್ತಾರೆ. ವರ್ಷಗಟ್ಟಲೆ ಭೂಗೋಳ ಬೋಧಿಸಿದ ನನಗೆ ಆ 'ಸಹಜ' ಎಂಬ ವಿಶೇಷಣದ ಮೇಲೆ ಬಲವಾದ ತಕರಾರಿದೆ.

ಅವುಗಳ ಹುಟ್ಟಿನಲ್ಲಿ ಸಹಜವಾದುದೇನಿತ್ತು? ನಮ್ಮ ಕಡೆ ಊರುಗಳು ಕೆರೆಯ ಏರಿಯ ಕೆಳಗೆ, ಹೊಳೆಯ ದಂಡೆಯಲ್ಲಿ, ಸಂತೆ ಸೇರುವಲ್ಲಿ ಬೆಳೆದವು. ಅಲ್ಲಿ ಹಾಗಲ್ಲ. ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್ ಕಂಪನಿಯು ಸರಕಾರದ ಸಾಲದ ಖಾತರಿಯೊಡನೆ, 1907-08ರ ಸುಮಾರಿಗೆ, ಪಶ್ಚಿಮಕ್ಕೆ ಹಳಿ ಹಾಕುತ್ತ ಹೋದಾಗ ನಿಲ್ದಾಣಗಳಿಗೆ ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲೇ ಹೆಸರಿಟ್ಟಿತು: ಫೆನ್‌ವುಡ್, ಗುಡೀವ್, ಹಬ್ಬರ್ಡ್, ಇಟುನಾ, ಜಾಸ್ಮಿನ್, ಕೆಲಿಹರ್, ಲೆಸ್ಟಾಕ್... ಕೊನೆಗೆ ಯಂಗ್, ಝೆಲ್ಮಾ. ಅಕ್ಷರಗಳು ಮುಗಿದೊಡನೆ ಮತ್ತೆ ಅಲನ್, ಬ್ರಾಡ್‌ವೆಲ್, ಕ್ಲಾವೆಟ್! ಥೇಟ್ ನಮ್ಮ ಹಾಜರಿ ಪುಸ್ತಕ. ರೈತನು ಕುದುರೆಗಾಡಿಯಲ್ಲಿ ಗೋಧಿ ತಂದು ಅದೇ ದಿನ ಮನೆಗೆ ಮರಳಬೇಕೆಂಬುದೇ ಬಯಲಿನ ನಿಲ್ದಾಣಗಳ ನಡುವಣ ಅಂತರದ ಅಳತೆ.

ಆ ನೆಲ ಖಾಲಿಯೂ ಆಗಿರಲಿಲ್ಲ. ಅದು 1874ರ ನಾಲ್ಕನೆಯ ಒಪ್ಪಂದಕ್ಕೆ ಸಹಿ ಮಾಡಿದ ಕ್ರೀ, ಸೋಟೋ ಮೊದಲಾದ ಜನರ ನೆಲ. ಇದೇ ಸಾಲಿನ ಪನ್ನಿಚಿಯ ಸಮೀಪದಲ್ಲಿ, ಆ ಜನರ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಇರಿಸುತ್ತಿದ್ದ ವಸತಿ ಶಾಲೆ 1996ರವರೆಗೂ ಇತ್ತು. 'ಸ್ಥಾಪನೆ' ಎಂಬ ಪದವನ್ನೂ ಎಚ್ಚರದಿಂದಲೇ ಬಳಸಬೇಕು.

ಸಾವಿನ ಮಾತಿಗೆ ಬರೋಣ. 1897ರ ಕ್ರೋಸ್ ನೆಸ್ಟ್ ಪಾಸ್ ಒಪ್ಪಂದದಂತೆ ಕೆನಡಿಯನ್ ಪೆಸಿಫಿಕ್ ಕಂಪನಿಯು ಸರಕಾರದ ಸಹಾಯಧನ ಪಡೆದು ಧಾನ್ಯ ಸಾಗಣೆಯ ದರ ಇಳಿಸಿತ್ತು. 1983ರ ಕಾನೂನು ಆ ದರವನ್ನು ಕೈಬಿಟ್ಟಿತು. ಬದಲಿಗೆ ಬಂದ ಸಹಾಯಧನವನ್ನೂ 1995ರ ಆಗಸ್ಟ್‌ನಲ್ಲಿ ನಿಲ್ಲಿಸಲಾಯಿತು. ಸರಕಾರದ ಒಡೆತನದಲ್ಲಿದ್ದ ಕೆನಡಿಯನ್ ನ್ಯಾಷನಲ್ ರೈಲ್ವೆಯನ್ನು ಷೇರುದಾರರಿಗೆ ಮಾರಿದ್ದೂ ಅದೇ ವರ್ಷ. 1930ರ ದಶಕದಲ್ಲಿ ಆ ಬಯಲುಸೀಮೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ಧಾನ್ಯದ ಎಲಿವೇಟರುಗಳಿದ್ದವು. ಮರದ ಆ ಎತ್ತರದ ಕಣಜಗಳೇ ಊರಿನ ಗೋಪುರಗಳು. ಅವುಗಳನ್ನು ಒಂದೊಂದಾಗಿ ಕೆಡವಿ, ದೂರದೂರದಲ್ಲಿ ಕಾಂಕ್ರೀಟಿನ ಬೃಹತ್ ಕಣಜಗಳನ್ನು ಕಟ್ಟಿದರು. ರೈತ ಈಗ ಲಾರಿಯಲ್ಲಿ ಬಹುದೂರ ಸಾಗಿಸಬೇಕು. ಸವೆದ ರಸ್ತೆಯ ರಿಪೇರಿ ಸ್ಥಳೀಯ ತೆರಿಗೆದಾರರ ತಲೆಗೆ. ಕಂಪನಿ ಉಳಿಸಿದ ಹಣ ಊರಿನವರ ಖರ್ಚಾಯಿತು, ಅದಕ್ಕೆ 'ದಕ್ಷತೆ' ಎಂಬ ಹೆಸರಾಯಿತು.

ಟ್ರ್ಯಾಕ್ಟರು ಬಂದು ಹೊಲಗಳು ಹಿಗ್ಗಿದವು, ಜನ ಹೇಗಿದ್ದರೂ ಕಡಿಮೆಯಾಗುತ್ತಿದ್ದರು ಎಂದು ರಿಜೈನಾದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಾದಿಸುತ್ತಾನೆ. ಒಪ್ಪಿದೆ, ಮಾರಾಯ. ಆದರೆ ಕ್ಷೀಣಿಸಿದವನ ಕೈಯಿಂದ ಊರುಗೋಲು ಕಿತ್ತುಕೊಳ್ಳುವುದು ಯಾವ ಪ್ರಕೃತಿ ನಿಯಮ? ಪ್ರಾಂತ್ಯದ ಸರಕಾರ 1946ರಿಂದ ನಡೆಸುತ್ತಿದ್ದ ಬಸ್ಸನ್ನು 2017ರ ಮೇ ತಿಂಗಳಲ್ಲಿ ನಿಲ್ಲಿಸಿದ್ದು ಬಜೆಟ್ಟಿನ ಒಂದು ತೀರ್ಮಾನದಿಂದ. ಕಾರಿಲ್ಲದ ಮುದುಕಿ ಸಸ್ಕಟೂನಿನ ಆಸ್ಪತ್ರೆಗೆ ಹೇಗೆ ಹೋಗಬೇಕು? ಆ ಅಕ್ಷರಮಾಲೆಯ ಹಳಿಯೇನೋ ಇಂದಿಗೂ ಇದೆ. ಉದ್ದುದ್ದನೆಯ ಸರಕು ರೈಲುಗಳು ಝೆಲ್ಮಾದ ಪಕ್ಕದಲ್ಲೇ ಹಾದುಹೋಗುತ್ತವೆ, ಅವಳಿಗಾಗಿ ಅವು ನಿಲ್ಲುವುದಿಲ್ಲ.